ದೂಳು ಪ್ಲಾಸ್ಮಾದ ನಡುವಿನ ಖಾಲಿ ಜಾಗ: ಕಂಪ್ಯೂಟರ್ ಲೆಕ್ಕ ನಡೆದು ಬಂದ ದಾರಿ

ಮಾನಸಗಂಗೋತ್ರಿಯಲ್ಲಿ ಫಿಸಿಕ್ಸ್ ಓದುವವರು ಪ್ರಾಜೆಕ್ಟ್‌ಗೆಂದು ದೂಳು ಪ್ಲಾಸ್ಮಾದ ಪೇಪರುಗಳನ್ನು ತೆರೆದರೆ ತಲೆ ಕೆಡುವುದು ಸಹಜ. ಒಂದೊಂದರಲ್ಲಿ ಒಂದೊಂದು ಸೂತ್ರ. ಮೊದಲಿನಿಂದಲೇ ನೋಡೋಣ.

ಪ್ಲಾಸ್ಮಾ ಅಂದರೆ ಎಲೆಕ್ಟ್ರಾನ್ ಮತ್ತು ಧನ ಚಾರ್ಜಿನ ಅಯಾನುಗಳಾಗಿ ಒಡೆದ ಅನಿಲ. ಅದರೊಳಗೆ ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಗಾತ್ರದ ದೂಳಿನ ಕಣ ಬಿಟ್ಟರೆ ಪ್ರತಿಯೊಂದೂ ಸಾವಿರಾರು ಎಲೆಕ್ಟ್ರಾನ್ ಹೊತ್ತುಕೊಳ್ಳುತ್ತದೆ. 1986ರಲ್ಲಿ ಇಕೆಝಿ ಇವು ಹರಳಿನಂತೆ ಸಾಲುಗಟ್ಟಬಹುದು ಎಂದರು, 1990ರಲ್ಲಿ ರಾವ್, ಶುಕ್ಲಾ ಮತ್ತು ಯು ದೂಳಿನ ಅಲೆಯ ಲೆಕ್ಕ ಕೊಟ್ಟರು, 1994ರಲ್ಲಿ ಹರಳು ಲ್ಯಾಬಿನಲ್ಲೇ ಕಂಡಿತು.

ತೊಡಕು ಗುರುತ್ವದ್ದು. ಕಣದ ಅಗಲ ಎರಡರಷ್ಟಾದರೆ ಚಾರ್ಜ್ ಸುಮಾರು ಎರಡರಷ್ಟಾಗುತ್ತದೆ, ತೂಕ ಎಂಟರಷ್ಟು. ಹಾಗಾಗಿ ಭೂಮಿಯ ಮೇಲೆ ಕಣಗಳು ಕೆಳಗಿನ ಎಲೆಕ್ಟ್ರೋಡ್ ಹತ್ತಿರ ತೆಳು ಪದರವಾಗಿ ಉಳಿಯುತ್ತವೆ. ದಪ್ಪನೆಯ ಮೋಡ ಬೇಕೆಂದರೆ ತೂಕವಿಲ್ಲದ ಕಡೆ ಹೋಗಬೇಕು. ರಾಕೆಟ್ಟುಗಳಲ್ಲಿ, ಆಮೇಲೆ 2001ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಪಿಕೆಇ-ನೆಫೆಡೋವ್ ಉಪಕರಣದಲ್ಲಿ ಪ್ರಯೋಗ ನಡೆಯಿತು. ಮೋಡವೇನೋ ಬಂತು. ಆದರೆ ನಟ್ಟನಡುವೆ ದೂಳೇ ಇಲ್ಲದ ಖಾಲಿ ಜಾಗ!

ಗುಮಾನಿ ಅಯಾನುಗಳ ಮೇಲೆ ಬಂತು. ಪಂಜಿನ ಕವಾಯತು ಮುಗಿದು ಬನ್ನಿಮಂಟಪದಿಂದ ಜನ ಹೊರಬೀಳುವಾಗ ಸುಮ್ನೆ ನಿಂತವರೂ ಹೊರಕ್ಕೆ ಸರಿಯುತ್ತಾರೆ, ಅಲ್ವಾ? ಹಾಗೇ ನಡುವಿನಿಂದ ಅಂಚಿಗೆ ಹರಿಯುವ ಅಯಾನುಗಳು ಕಣಗಳನ್ನು ದೂಡುತ್ತವೆ. ಎಲೆಕ್ಟ್ರಿಕ್ ಫೀಲ್ಡ್ ಅವನ್ನು ಒಳಕ್ಕೆ ಎಳೆಯುತ್ತದೆ. ಎರಡೂ ಸಮವಾದ ಕಡೆ ಖಾಲಿ ಜಾಗದ ಅಂಚು.

ಮಾತಿನಲ್ಲಿ ಸರಿ. ಲೆಕ್ಕದಲ್ಲಿ, ಆಗ ಚಾಲ್ತಿಯಲ್ಲಿದ್ದ 1992ರ ಸೂತ್ರ ಹಾಕಿದರೆ ದೂಡುವ ಬಲ ಸಾಲುತ್ತಿರಲಿಲ್ಲ. ಕಣದ ಚಾರ್ಜಿನ ಪ್ರಭಾವವನ್ನು ಸುತ್ತಲಿನ ಪ್ಲಾಸ್ಮಾ ಮರೆಮಾಡತೊಡಗುವ ದೂರಕ್ಕೆ ಡಿಬೈ ದೂರ ಎನ್ನುತ್ತಾರೆ. ಆ ಸೂತ್ರ ಅದರ ಆಚೆ ಹಾದುಹೋಗುವ ಅಯಾನುಗಳನ್ನು ಬಿಟ್ಟುಬಿಡುತ್ತಿತ್ತು. ದೂಳಿನ ಚಾರ್ಜ್ ಇಷ್ಟು ಜಾಸ್ತಿ ಇರುವಾಗ ಅವೂ ಬಾಗುತ್ತವೆ. 2002ರಲ್ಲಿ ಖ್ರಾಪಕ್ ಮತ್ತು ಸಂಗಡಿಗರು ಅವನ್ನೂ ಸೇರಿಸಿದರು, ಬಲ ಏರಿತು. ಈ ವಿಷಯದಲ್ಲಿ ಅತಿ ಮುಖ್ಯ ಘಟ್ಟ ಇದೇ. ಹಾರಿದ ಉಪಕರಣಕ್ಕೆ ಸಿಕ್ಕ ಹೆಸರು, ಮೇಜಿನ ಮುಂದೆ ಕೂತು ಸೂತ್ರ ತಿದ್ದಿದ ಈ ಕೆಲಸಕ್ಕೂ ಸಿಗಬೇಕು.

ಇನ್ನೊಂದು ಕಷ್ಟ ವೇಗದ್ದು. ಎಲೆಕ್ಟ್ರಾನ್ ನ್ಯಾನೋಸೆಕೆಂಡಿನಲ್ಲಿ ಓಡುತ್ತದೆ, ದೂಳು ನಿಧಾನ. ಎರಡನ್ನೂ ಕಂಪ್ಯೂಟರಿನಲ್ಲಿ ಒಟ್ಟಿಗೆ ಓಡಿಸುವುದು ದುಬಾರಿ. ಅದಕ್ಕೇ ಹಲವರು ಪ್ಲಾಸ್ಮಾವನ್ನು ಹಿನ್ನೆಲೆಗೆ ಸರಿಸಿ, ಕಣಗಳ ನಡುವೆ ಯುಕಾವಾ ಬಲವನ್ನಷ್ಟೇ (ದೂರ ಹೆಚ್ಚಿದಂತೆ ಬೇಗನೆ ಕುಗ್ಗುವ, ಒಂದನ್ನೊಂದು ದೂಡುವ ಬಲ) ಇಡುತ್ತಾರೆ. ಲ್ಯಾಂಪ್ಸ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಇದು ಸಿದ್ಧವಾಗಿಯೇ ಇದೆ. ಕೆಲವು ಸಾವಿರ ಕಣಗಳಿಗೆ ಮಾಮೂಲಿ ಲ್ಯಾಪ್‌ಟಾಪ್ ಸಾಕು. ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಇದಕ್ಕೆ ಸಮಯ ಸಿಗಲೇಬೇಕು.

ಆದರೆ ಯುಕಾವಾ ಬಲ ಎಲ್ಲ ದಿಕ್ಕಿಗೂ ಒಂದೇ. 2014ರಲ್ಲಿ ನಿಲ್ದಾಣಕ್ಕೆ ಹೋದ ಪಿಕೆ-4 ಉಪಕರಣದ ಗಾಜಿನ ಕೊಳವೆಯಲ್ಲಿ ಕಣಗಳು ಉದ್ದಕ್ಕೆ ಸರಗಟ್ಟುತ್ತವೆ. ಅದನ್ನು ಮೂಡಿಸಲು ಪ್ರತಿ ಕಣದ ಹಿಂದೆ ಅಯಾನುಗಳು ಬಿಡುವ ಧನ ಚಾರ್ಜಿನ ಬಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು.