ಓದುವ ಕಣ್ಣಿಗೆ ದಾರಿ ಬಿಡಿ

ಇಬ್ಬರು ಮೂವರು ಸೇರಿ, ತಲಾ ಒಂದೊಂದು ಪಾತ್ರ ಹಿಡಿದು, ಸರದಿ ಪ್ರಕಾರ ಕಥೆ ಬೆಳೆಸುವ ಬರವಣಿಗೆಗೆ ರೋಲ್‌ಪ್ಲೇ ಎನ್ನುತ್ತಾರೆ. ಒಬ್ಬರು ಒಂದು ಪೋಸ್ಟ್ ಬರೆದು ಬಿಡುತ್ತಾರೆ. ಅದನ್ನು ಓದಿ ಇನ್ನೊಬ್ಬರು ಮುಂದುವರಿಸುತ್ತಾರೆ. ನಾನು ಹಲವು ವರ್ಷಗಳಿಂದ ಹೀಗೆ ಬರೆಯುತ್ತಿದ್ದೇನೆ.

ಒಮ್ಮೆ ಜೊತೆಗಾರರೊಬ್ಬರು ತುಂಬ ಶ್ರದ್ಧೆಯಿಂದ ಒಂದು ಪೋಸ್ಟ್ ಕಳಿಸಿದ್ದರು. ಹಿನ್ನೆಲೆಯಲ್ಲಿ ಮಂಜು ಮುಸುಕಿದ ಕಾಡಿನ ಚಿತ್ರ. ಅದರ ಮೇಲೆ ತೆಳುವಾದ ಬೂದು ಅಕ್ಷರ. ಮೇಲಿಂದ ಕೆಳಗಿನವರೆಗೂ ಒಂದೇ ಪ್ಯಾರಾ. ಅದರ ಮಧ್ಯೆ ಎಲ್ಲೋ ಅವರ ಪಾತ್ರ ನನ್ನ ಪಾತ್ರದ ಕೈಗೆ ಒಂದು ಪತ್ರ ಕೊಟ್ಟಿತ್ತು. ಆ ಸಾಲು ನನಗೆ ಕಾಣಲೇ ಇಲ್ಲ. ಪತ್ರ ಸಿಗಲೇ ಇಲ್ಲವೇನೋ ಎಂಬಂತೆ ನಾನು ಉತ್ತರ ಬರೆದೆ. ಅವರಿಗೆ ಬೇಜಾರಾಯಿತು. ಬರವಣಿಗೆ ಚೆನ್ನಾಗಿಯೇ ಇತ್ತು, ನಾನೂ ಮನಸ್ಸಿಟ್ಟೇ ಓದಿದ್ದೆ. ಹಾಗಾದರೆ ಆ ಸಾಲು ಎಲ್ಲಿ ಕಳೆದುಹೋಯಿತು? ಈ ಪ್ರಶ್ನೆಯೇ ನನ್ನನ್ನು ಕಣ್ಣಿನ ವಿಜ್ಞಾನದ ಕಡೆಗೆ ಕರೆದುಕೊಂಡು ಹೋಯಿತು.

ಓದುವಾಗ ನಮ್ಮ ಕಣ್ಣು ಸಾಲಿನ ಮೇಲೆ ನೀರು ಹರಿದ ಹಾಗೆ ಸಾಗುತ್ತದೆ ಎಂದು ಅನ್ನಿಸುತ್ತದೆ, ಅಲ್ವಾ? ಹಾಗೆ ಸಾಗುವುದಿಲ್ಲ. ಕಣ್ಣು ಜಿಗಿಯುತ್ತದೆ, ನಿಲ್ಲುತ್ತದೆ, ಮತ್ತೆ ಜಿಗಿಯುತ್ತದೆ. ಇದು ಗೊತ್ತಾದದ್ದು 1879ರಲ್ಲಿ, ಪ್ಯಾರಿಸ್‌ನ ಕಣ್ಣಿನ ವೈದ್ಯ ಎಮಿಲ್ ಜವಾಲ್ ಅವರ ಪ್ರಯೋಗಾಲಯದಲ್ಲಿ. ಅದೇ ವರ್ಷ ಎವಾಲ್ಡ್ ಹೇರಿಂಗ್ ಎಂಬ ಶರೀರ ವಿಜ್ಞಾನಿಯೂ ಬೇರೆಯಾಗಿ ಇದನ್ನೇ ಕಂಡುಕೊಂಡರು. ರೆಪ್ಪೆಯ ಮೇಲೆ ರಬ್ಬರ್ ನಳಿಗೆ ಇಟ್ಟು, ಕಣ್ಣಿನ ಸ್ನಾಯುಗಳ ಸದ್ದನ್ನು ಕಿವಿಗೊಟ್ಟು ಕೇಳಿದ್ದರು ಅವರು! ಕೆಲವು ವರ್ಷಗಳ ನಂತರ ಅಮೆರಿಕದ ಎಡ್ಮಂಡ್ ಹ್ಯೂಯಿ ಕಣ್ಣುಗುಡ್ಡೆಯ ಮೇಲೆ ಪ್ಲಾಸ್ಟರಿನ ಪುಟ್ಟ ಬಟ್ಟಲು ಕೂರಿಸಿ, ಅದಕ್ಕೆ ಒಂದು ಕಡ್ಡಿ ಕಟ್ಟಿ, ಮಸಿ ಹಿಡಿಸಿದ ಉರುಳೆಯ ಮೇಲೆ ಕಣ್ಣಿನ ಜಿಗಿತಗಳನ್ನು ಬರೆಸಿದರು. ಓದು ಹೇಗೆ ನಡೆಯುತ್ತದೆ ಎಂದು ತಿಳಿಯಲು ಜನ ಎಷ್ಟು ಕಷ್ಟಪಟ್ಟಿದ್ದಾರೆ ನೋಡಿ.

ಕಣ್ಣಿನ ಒಂದು ನಿಲುಗಡೆ ಸುಮಾರು 200ರಿಂದ 250 ಮಿಲಿಸೆಕೆಂಡು. ಜಿಗಿತ ಅದಕ್ಕಿಂತ ತುಂಬ ಚಿಕ್ಕದು, 20ರಿಂದ 40 ಮಿಲಿಸೆಕೆಂಡು. ಜಿಗಿಯುವಾಗ ನಮಗೆ ಹೆಚ್ಚುಕಡಿಮೆ ಏನೂ ಕಾಣುವುದಿಲ್ಲ. ಓದು ನಡೆಯುವುದೆಲ್ಲ ನಿಲುಗಡೆಗಳಲ್ಲೇ. ಆಗಲೂ ತೀರ ಸ್ಪಷ್ಟವಾಗಿ ಕಾಣುವ ಜಾಗ ಬಹಳ ಸಣ್ಣದು. ಕೈ ಉದ್ದಕ್ಕೆ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಆ ಉಗುರಿನ ಅಗಲದಷ್ಟು ಜಾಗ ಮಾತ್ರ ಪೂರ್ತಿ ಚೊಕ್ಕವಾಗಿ ಕಾಣುತ್ತದೆ. ಉಳಿದದ್ದು ಮಸುಕು. ಆ ಮಸುಕಿನಲ್ಲೇ ಕಣ್ಣು ಮುಂದಿನ ಜಿಗಿತ ಎಲ್ಲಿಗೆ ಎಂದು ಗುರುತು ಹುಡುಕುತ್ತಿರುತ್ತದೆ.

ಪೋಸ್ಟಿನ ರೂಪ ಕೆಲಸಕ್ಕೆ ಬರುವುದು ಇಲ್ಲೇ. ಪದಗಳ ನಡುವಿನ ಖಾಲಿ ಜಾಗ, ಸಾಲಿನ ಕೊನೆ, ಪ್ಯಾರಾದ ಮೊದಲು: ಇವೆಲ್ಲ ಆ ಮಸುಕಿನಲ್ಲೂ ಕಾಣುವ ಗುರುತುಗಳು. ಇಂಗ್ಲಿಷ್ ಓದುಗರ ಮೇಲೆ ನಡೆದ ಪ್ರಯೋಗಗಳಲ್ಲಿ ಜಿಗಿತಗಳ ಪೈಕಿ ಶೇಕಡ 10ರಿಂದ 15ರಷ್ಟು ಹಿಂದಕ್ಕೆ ಹೋಗುವಂಥವು ಎಂದು ಕಂಡಿದೆ. ಅಂದರೆ ಚೆನ್ನಾಗಿ ಓದಬಲ್ಲವರೂ ಆಗಾಗ ತಿರುಗಿ ನೋಡುತ್ತಾರೆ. ತಿರುಗಿ ಬಂದಾಗ ಬೇಕಾದ ಜಾಗ ತಕ್ಷಣ ಸಿಗಬೇಕು. ಗುರುತುಗಳೇ ಇಲ್ಲದ ಉದ್ದನೆಯ ಪ್ಯಾರಾದಲ್ಲಿ ಅದು ಸಿಗುವುದಿಲ್ಲ.

ಎಲ್ಲಕ್ಕಿಂತ ಕಷ್ಟದ ಜಿಗಿತ ಎಂದರೆ ಒಂದು ಸಾಲಿನ ಬಲತುದಿಯಿಂದ ಮುಂದಿನ ಸಾಲಿನ ಎಡತುದಿಗೆ ಬರುವುದು. ಸಾಲು ಉದ್ದವಾದಷ್ಟೂ ಈ ಜಿಗಿತ ದೂರ. ದೂರವಾದಷ್ಟೂ ಗುರಿ ತಪ್ಪುವುದು ಜಾಸ್ತಿ. ಓದಿದ ಸಾಲಿಗೇ ಮತ್ತೆ ಬರುತ್ತೇವೆ, ಇಲ್ಲವೇ ಒಂದು ಸಾಲು ಹಾರಿಸಿಬಿಡುತ್ತೇವೆ. ನನ್ನ ಪತ್ರ ಕಳೆದುಹೋದದ್ದು ಬಹುಶಃ ಹೀಗೆಯೇ. ಆ ಪೋಸ್ಟು ಅಗಲವಾದ ಪರದೆಯ ಈ ಅಂಚಿನಿಂದ ಆ ಅಂಚಿನವರೆಗೂ ಹರಡಿತ್ತು. ಇಂಗ್ಲಿಷ್‌ನಲ್ಲಿ ಒಂದು ಸಾಲಿಗೆ 45ರಿಂದ 75 ಅಕ್ಷರ ಇದ್ದರೆ ಒಳ್ಳೆಯದು ಎನ್ನುವುದು ಅಚ್ಚಿನ ಕೆಲಸದವರ ಹಳೆಯ ಲೆಕ್ಕ. ಕನ್ನಡದ ಪದಗಳು ಉದ್ದ. ನಾನು ಸಾಲಿಗೆ ಏಳೆಂಟು ಪದ ಎಂದು ಇಟ್ಟುಕೊಂಡಿದ್ದೇನೆ.

ಸಾಲುಗಳ ನಡುವಿನ ಜಾಗವೂ ಇಷ್ಟೇ ಮುಖ್ಯ. 1970ರಲ್ಲಿ ಹರ್ಮನ್ ಬೌಮಾ ಒಂದು ವಿಷಯ ತೋರಿಸಿಕೊಟ್ಟರು. ಕಣ್ಣಿನ ಅಂಚಿನಲ್ಲಿ ಒಂಟಿ ಅಕ್ಷರವನ್ನು ನಾವು ಸುಲಭವಾಗಿ ಗುರುತಿಸುತ್ತೇವೆ. ಅದೇ ಅಕ್ಷರದ ಪಕ್ಕದಲ್ಲಿ ಬೇರೆ ಅಕ್ಷರಗಳು ಒತ್ತಿಕೊಂಡು ನಿಂತರೆ ಗುರುತು ಸಿಗುವುದಿಲ್ಲ. ಅಕ್ಷರ ಚಿಕ್ಕದಾಗಿಲ್ಲ, ಮಸುಕಾಗಿಯೂ ಇಲ್ಲ. ಸುತ್ತಲಿನ ಗುಂಪು ಅದನ್ನು ನುಂಗಿಬಿಡುತ್ತದೆ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಕೂರುತ್ತದೆ. ಸಾಲುಗಳು ಹತ್ತಿರವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. ಅದಕ್ಕೇ ನಮಗೆ ಇಂಗ್ಲಿಷಿಗಿಂತ ಸ್ವಲ್ಪ ಜಾಸ್ತಿ ಜಾಗ ಬೇಕು. ವೆಬ್ ಪುಟಗಳಿಗೆ ಮಾನದಂಡ ರೂಪಿಸುವ ಸಂಸ್ಥೆ ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ 2008ರಲ್ಲಿ ಹೊರತಂದ ಸೂಚನೆಗಳಲ್ಲಿ ಸಾಲಿನ ಅಂತರ ಕನಿಷ್ಠ ಒಂದೂವರೆ ಪಟ್ಟು, ಪ್ಯಾರಾಗಳ ಅಂತರ ಅದಕ್ಕಿಂತಲೂ ಒಂದೂವರೆ ಪಟ್ಟು ಇರಲಿ ಎಂದಿದೆ. ಅಕ್ಷರಗಳನ್ನು ಎರಡೂ ಅಂಚಿಗೆ ಎಳೆದು ಸಮ ಮಾಡಬೇಡಿ ಎಂದೂ ಅದೇ ಸೂಚನೆ ಹೇಳುತ್ತದೆ. ಹಾಗೆ ಎಳೆದಾಗ ಪದಗಳ ನಡುವೆ ದೊಡ್ಡ ದೊಡ್ಡ ತೂತು ಬೀಳುತ್ತವೆ.

ಇನ್ನು ಪ್ಯಾರಾ. ಹತ್ತಿರ ಇರುವ ವಸ್ತುಗಳನ್ನು ಮನಸ್ಸು ತಾನಾಗಿಯೇ ಒಂದು ಗುಂಪು ಎಂದುಕೊಳ್ಳುತ್ತದೆ. 1923ರಲ್ಲಿ ಮ್ಯಾಕ್ಸ್ ವರ್ತೈಮರ್ ಬರೆದ ನಿಯಮಗಳಲ್ಲಿ ಇದೂ ಒಂದು. ಒಂದು ಪಾತ್ರದ ಮಾತು ಮತ್ತು ಅದರ ಜೊತೆಗಿನ ಕೈಸನ್ನೆ ಒಂದೇ ಪ್ಯಾರಾದಲ್ಲಿದ್ದರೆ, ಯಾರು ಹೇಳಿದ್ದು ಎಂದು ಓದುಗರು ಕೇಳಬೇಕಾಗಿಲ್ಲ. ಇನ್ನೊಬ್ಬರು ಮಾತಾಡಿದ ತಕ್ಷಣ ಹೊಸ ಪ್ಯಾರಾ. ನನ್ನ ಮಟ್ಟಿಗೆ, ಬೇರೆ ಯಾವ ಅಲಂಕಾರವನ್ನೂ ಮಾಡದೆ ಇದೊಂದನ್ನು ಮಾಡಿದರೂ ಅರ್ಧ ಕೆಲಸ ಮುಗಿದ ಹಾಗೆ.

ರೋಲ್‌ಪ್ಲೇ ಓದುವವರ ಸ್ಥಿತಿ ಕಾದಂಬರಿ ಓದುವವರ ಹಾಗಲ್ಲ. ಓದುತ್ತಲೇ ಅವರು ಉತ್ತರ ಕಟ್ಟುತ್ತಿರುತ್ತಾರೆ. ಯಾರು ಎಲ್ಲಿ ನಿಂತಿದ್ದಾರೆ? ಬಾಗಿಲು ತೆರೆದಿದೆಯಾ? ನನ್ನನ್ನು ಏನು ಕೇಳಿದರು? ಇಷ್ಟನ್ನೂ ತಲೆಯಲ್ಲಿ ಇಟ್ಟುಕೊಳ್ಳಬೇಕು. ತಲೆಯಲ್ಲಿ ಒಮ್ಮೆಗೆ ಹಿಡಿಯುವುದು ಸ್ವಲ್ಪವೇ. ಅಕ್ಷರ ಬಿಡಿಸಿ ಓದುವುದಕ್ಕೇ ಅದರಲ್ಲಿ ಪಾಲು ಹೋದರೆ ಕಥೆಗೆ ಉಳಿಯುವುದು ಕಡಿಮೆ. ಪೋಸ್ಟಿನ ರೂಪದ ಬಗ್ಗೆ ನಾನು ಇಷ್ಟು ತಲೆ ಕೆಡಿಸಿಕೊಳ್ಳುವುದು ಈ ಕಾರಣಕ್ಕೇ.

ಇದಕ್ಕೆ ಸಂಬಂಧಪಟ್ಟ ಎರಡು ಪ್ರಯೋಗಗಳು ನನಗೆ ತುಂಬ ಇಷ್ಟ. 1972ರಲ್ಲಿ ಜಾನ್ ಬ್ರಾನ್ಸ್‌ಫರ್ಡ್ ಮತ್ತು ಮಾರ್ಸಿಯಾ ಜಾನ್ಸನ್ ಜನರಿಗೆ ಒಂದು ಬರಹ ಓದಿ ಹೇಳಿದರು. ವಸ್ತುಗಳನ್ನು ಗುಂಪು ಮಾಡಿ, ಒಮ್ಮೆಗೆ ಜಾಸ್ತಿ ಹಾಕಬೇಡಿ ಎಂಬಂಥ ಮಾತುಗಳು. ವಿಷಯ ಏನೆಂದು ಮೊದಲೇ ತಿಳಿಯದವರಿಗೆ ಅದು ಸರಿಯಾಗಿ ಅರ್ಥವಾಗಲಿಲ್ಲ. ‘ಇದು ಬಟ್ಟೆ ಒಗೆಯುವ ಬಗ್ಗೆ’ ಎಂದು ಮೊದಲೇ ಹೇಳಿಸಿಕೊಂಡವರಿಗೆ ಚೆನ್ನಾಗಿ ಅರ್ಥವಾಯಿತು, ಹೆಚ್ಚು ನೆನಪೂ ಉಳಿಯಿತು. ಬರಹ ಕೇಳಿ ಮುಗಿದ ಮೇಲೆ ವಿಷಯ ಹೇಳಿದರೆ ಪ್ರಯೋಜನವಾಗಲಿಲ್ಲ. ಹಾಗಾಗಿ ಪೋಸ್ಟಿನ ತಲೆಯಲ್ಲೇ ಒಂದು ಸಣ್ಣ ಸಾಲು ಇರಲಿ: ಜಾಗ ಯಾವುದು, ಹೊತ್ತು ಯಾವುದು, ಯಾರು ಯಾರು ಇದ್ದಾರೆ. ‘ಹಳೆಯ ಗಡಿಯಾರದ ಗೋಪುರ, ನಡುರಾತ್ರಿ, ಮಳೆ’ ಎಂದರೆ ಸಾಕು. ಇನ್ನೊಂದು 1996ರದ್ದು. ಕಥೆಯಲ್ಲಿ ‘ಒಂದು ಕ್ಷಣದ ನಂತರ’ ಎಂದಿರುವ ಕಡೆಗಿಂತ ‘ಒಂದು ಗಂಟೆಯ ನಂತರ’ ಎಂದಿರುವ ಕಡೆ ಓದುಗರು ನಿಧಾನವಾಗುತ್ತಾರೆ ಎಂದು ರಾಲ್ಫ್ ಜ್ವಾನ್ ಕಂಡುಕೊಂಡರು. ಮನಸ್ಸಿನೊಳಗೆ ಹೊಸ ದೃಶ್ಯ ಕಟ್ಟುವುದಕ್ಕೆ ಸಮಯ ಬೇಕು. ನಾವು ಹಾಕುವ ಅಡ್ಡಗೆರೆ, ಮೂರು ನಕ್ಷತ್ರ, ಸಣ್ಣ ಚಿತ್ರಪಟ್ಟಿ ಎಲ್ಲ ಇಂಥ ಕಡೆ ಬಂದರೆ ಸೊಗಸು. ಎರಡು ಪ್ಯಾರಾಕ್ಕೊಮ್ಮೆ ಸುಮ್ನೆ ಹಾಕಿದರೆ ಓದುಗರು ದೃಶ್ಯ ಬದಲಾಯಿತು ಎಂದುಕೊಂಡು ತಡವರಿಸುತ್ತಾರೆ.

ಬಣ್ಣದ ವಿಷಯಕ್ಕೆ ಬರೋಣ. ರೋಲ್‌ಪ್ಲೇ ಬರೆಯುವವರಿಗೆ ಬಣ್ಣ ಎಂದರೆ ಪ್ರಾಣ. ನನಗೂ ಹಾಗೆಯೇ. ಪ್ರತಿ ಪಾತ್ರದ ಮಾತಿಗೆ ಒಂದೊಂದು ಬಣ್ಣ ಕೊಡುವ ರೂಢಿ ಇದೆ. ಇದು ಕೆಲಸಕ್ಕೂ ಬರುತ್ತದೆ, ಕಣ್ಣು ಒಂದೇ ಬಣ್ಣದ ಮಾತುಗಳನ್ನು ಒಬ್ಬರದ್ದು ಎಂದು ಜೋಡಿಸಿಕೊಳ್ಳುತ್ತದೆ. ಆದರೆ ಅಕ್ಷರ ಓದಿಸುವುದು ಬಣ್ಣವಲ್ಲ, ಬೆಳಕಿನ ವ್ಯತ್ಯಾಸ. ಬಿಳಿಯ ಮೇಲೆ ಕಪ್ಪು ಇಟ್ಟರೆ ಕಾಂಟ್ರಾಸ್ಟ್ 21ಕ್ಕೆ 1. ಆಗಲೇ ಹೇಳಿದ ವೆಬ್ ಕನ್ಸಾರ್ಟಿಯಂ ಸೂಚನೆಗಳ ಪ್ರಕಾರ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1 ಬೇಕು. ಕಪ್ಪಿನ ಮೇಲೆ ಶುದ್ಧ ನೀಲಿ ಇಟ್ಟು ಲೆಕ್ಕ ಹಾಕಿದರೆ ಬರುವುದು 2.4 ಮಾತ್ರ. ಬಿಳಿಯ ಮೇಲೆ ಹಳದಿ 1.07. ಅಂದರೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ನೀಲಿ ಯಾಕೆ ಹೀಗೆ? ಕಣ್ಣಿನ ಹಿಂಬದಿಯಲ್ಲಿ ಚಿತ್ರ ಮೂಡುವ ಪರದೆ ರೆಟಿನಾ. ಬಣ್ಣ ಗುರುತಿಸುವ ಅದರ ಶಂಕುಕೋಶಗಳಲ್ಲಿ ನೀಲಿಗೆ ಸ್ಪಂದಿಸುವಂಥವು ತೀರ ಕಡಿಮೆ. ರೆಟಿನಾದ ನಟ್ಟನಡುವಿನ ಚುಕ್ಕೆಯಲ್ಲಂತೂ ಅವು ಇಲ್ಲವೇ ಇಲ್ಲ. ಓದುವುದಕ್ಕೆ ನಾವು ಬಳಸುವುದು ಅದೇ ಚುಕ್ಕೆ. ಇನ್ನು ಕೆಂಪು ಮತ್ತು ನೀಲಿಯನ್ನು ಒಂದರ ಮೇಲೊಂದು ಇಟ್ಟರೆ ಬೇರೆಯದೇ ತೊಂದರೆ. ಕಣ್ಣಿನ ಮಸೂರ ಎರಡನ್ನೂ ಒಂದೇ ದೂರದಲ್ಲಿ ಕೇಂದ್ರೀಕರಿಸಲಾರದು. ಅಕ್ಷರಗಳು ತೇಲಾಡಿದ ಹಾಗೆ ಕಾಣುತ್ತವೆ. ಕೆಂಪು, ಹಸಿರು ಬೇರ್ಪಡಿಸಲಾಗದವರೂ ಕಡಿಮೆಯಿಲ್ಲ, ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12ಕ್ಕೆ ಒಬ್ಬರು. ಆದ್ದರಿಂದ ಬಣ್ಣ ಇರಲಿ, ಜೊತೆಗೆ ಮಾತಾಡುವವರ ಹೆಸರೋ ಉದ್ಧರಣ ಚಿಹ್ನೆಯೋ ಇರಲಿ.

ಕಪ್ಪು ಹಿನ್ನೆಲೆಯ ಮೋಹವೂ ಬಹಳ. ರಕ್ತಪಿಶಾಚಿಗಳ ಕಥೆಯನ್ನು ಬಿಳಿ ಹಾಳೆಯಲ್ಲಿ ಬರೆಯಲು ಯಾರಿಗೆ ಮನಸ್ಸು ಬರುತ್ತದೆ! ಆದರೆ ಬೆಳ್ಳನೆಯ ಹಿನ್ನೆಲೆಯಲ್ಲಿ ಕಣ್ಣಿನ ಪಾಪೆ ಕಿರಿದಾಗುತ್ತದೆ. ಆಗ ರೆಟಿನಾದ ಮೇಲೆ ಬೀಳುವ ಚಿತ್ರ ಹೆಚ್ಚು ಚೊಕ್ಕ. ಕತ್ತಲ ಹಿನ್ನೆಲೆಯಲ್ಲಿ ಪಾಪೆ ಹಿಗ್ಗುತ್ತದೆ, ಅಕ್ಷರದ ಅಂಚು ಹರಡುತ್ತದೆ. ಅಸ್ಟಿಗ್ಮ್ಯಾಟಿಸಂ, ಅಂದರೆ ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದ ದೋಷ ಇರುವವರಿಗೆ ಇದು ಇನ್ನೂ ಜಾಸ್ತಿ. ಕತ್ತಲೆಯೇ ಬೇಕಿದ್ದರೆ ಅಕ್ಷರ ಸ್ವಲ್ಪ ದೊಡ್ಡದಾಗಲಿ, ತೀರ ತೆಳು ಬೇಡ. ಹಿನ್ನೆಲೆ ಚಿತ್ರವನ್ನು ಮಾತ್ರ ಅಕ್ಷರದ ಕೆಳಗಿಂದ ತೆಗೆದುಬಿಡಿ. ಅದನ್ನು ಪೋಸ್ಟಿನ ಮೇಲ್ಭಾಗದಲ್ಲಿ ಇಟ್ಟರೆ ಕಾಡೂ ಕಾಣುತ್ತದೆ, ಕಥೆಯೂ ಕಾಣುತ್ತದೆ.

ಒತ್ತಿ ಹೇಳುವುದಕ್ಕೆ ದಪ್ಪಕ್ಷರ ಬಳಸುತ್ತೇವೆ. 1933ರಲ್ಲಿ ಹೆಡ್ವಿಗ್ ಫಾನ್ ರೆಸ್ಟಾರ್ಫ್ ತೋರಿಸಿದ್ದು ಏನೆಂದರೆ, ಒಂದೇ ಬಗೆಯ ವಸ್ತುಗಳ ಸಾಲಿನಲ್ಲಿ ಬೇರೆಯಾಗಿ ನಿಂತದ್ದು ಚೆನ್ನಾಗಿ ನೆನಪಿರುತ್ತದೆ. ‘ಬೇರೆಯಾಗಿ’ ಎಂಬುದೇ ಇಲ್ಲಿನ ಗುಟ್ಟು. ಇಡೀ ಪೋಸ್ಟಿನಲ್ಲಿ ಆ ಪತ್ರ ಕೈ ಬದಲಾಯಿಸಿದ ಸಾಲೊಂದೇ ದಪ್ಪಗಿದ್ದಿದ್ದರೆ ನನಗದು ಖಂಡಿತ ಕಾಣುತ್ತಿತ್ತು. ಮನಸ್ಸಿನೊಳಗಿನ ಮಾತಿಗೆ ಓರೆಯಕ್ಷರ ಬಳಸುವುದು ಇಂಗ್ಲಿಷ್ ಬರೆಯುವವರ ಪದ್ಧತಿ. ಕನ್ನಡದ ಹೆಚ್ಚಿನ ಫಾಂಟುಗಳಲ್ಲಿ ಓರೆಯಕ್ಷರ ಬೇರೆಯಾಗಿ ಇರುವುದೇ ಇಲ್ಲ. ಕಂಪ್ಯೂಟರು ನೇರ ಅಕ್ಷರವನ್ನೇ ಬಾಗಿಸುತ್ತದೆ, ದುಂಡನೆಯ ಅಕ್ಷರ ವಿಕಾರವಾಗುತ್ತದೆ. ಒಂಟಿ ಉದ್ಧರಣ ಚಿಹ್ನೆ ನಮಗೆ ಒಗ್ಗುತ್ತದೆ.

ಇಷ್ಟೆಲ್ಲ ಯಾಕೆ, ಓದುವ ಆಸೆ ಇದ್ದವರು ಹೇಗಿದ್ದರೂ ಓದುತ್ತಾರೆ ಎನ್ನುವವರಿದ್ದಾರೆ. 2008ರಲ್ಲಿ ಹ್ಯುನ್‌ಜಿನ್ ಸಾಂಗ್ ಮತ್ತು ನಾರ್ಬರ್ಟ್ ಶ್ವಾರ್ಜ್ ಒಂದೇ ವ್ಯಾಯಾಮದ ವಿವರವನ್ನು ಎರಡು ಫಾಂಟಿನಲ್ಲಿ ಕೊಟ್ಟು ನೋಡಿದರು. ಸರಳ ಫಾಂಟಿನಲ್ಲಿ ಓದಿದವರು ಇದಕ್ಕೆ 8 ನಿಮಿಷ ಬೇಕಾಗಬಹುದು ಎಂದರು. ಕುಂಚದಿಂದ ಬರೆದಂತಿದ್ದ ಫಾಂಟಿನಲ್ಲಿ ಓದಿದವರು 15 ನಿಮಿಷ ಎಂದರು. ಓದಿನ ಶ್ರಮವನ್ನು ಕೆಲಸದ ಶ್ರಮ ಎಂದು ಮನಸ್ಸು ತಪ್ಪು ತಿಳಿಯಿತು. ಜೊತೆಗಾರರು ಉತ್ತರ ಬರೆಯಲು ದಿನಗಟ್ಟಲೆ ತಡ ಮಾಡಿದಾಗ ನನಗೆ ಈ ಪ್ರಯೋಗ ನೆನಪಾಗುತ್ತದೆ. ಮೈಕ್ರೋಸಾಫ್ಟ್‌ನ ಕೆವಿನ್ ಲಾರ್ಸನ್ ಮತ್ತು ಎಂಐಟಿಯ ರೋಸಲಿಂಡ್ ಪಿಕಾರ್ಡ್ ನೋಡಿದ್ದು ಇದರ ಇನ್ನೊಂದು ಮಗ್ಗುಲು. ಅಚ್ಚುಕಟ್ಟಾದ ಪುಟ ಓದಿದವರು ವೇಗವಾಗಿಯೇನೂ ಓದಲಿಲ್ಲ. ಆದರೆ ಕಳೆದ ಹೊತ್ತು ಅವರಿಗೆ ಕಡಿಮೆ ಎನಿಸಿತ್ತು. ಕಥೆಯಲ್ಲಿ ಮುಳುಗುವುದು ಎಂದರೆ ಇದೇ ಅಲ್ವಾ?

ಕುಣಿಯುವ ಚಿತ್ರಗಳ ಬಗ್ಗೆ ಒಂದು ಮಾತು. ಕಣ್ಣಿನ ಅಂಚಿಗೆ ಅಕ್ಷರ ಕಾಣದಿದ್ದರೂ ಚಲನೆ ಬೇಗ ಕಾಣುತ್ತದೆ. ಪಕ್ಕದಲ್ಲಿ ಜಿಫ್ ಮಿನುಗುತ್ತಿದ್ದರೆ ಗಮನ ಮತ್ತೆ ಮತ್ತೆ ಅತ್ತ ಓಡುತ್ತದೆ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಫಳಫಳ ಮಿಂಚುವುದನ್ನಂತೂ ಹಾಕಲೇಬೇಡಿ. ಕೆಲವರಿಗೆ ಅದರಿಂದ ಅಪಸ್ಮಾರದ ಸೆಳೆತ ಬರಬಹುದು.

ಕಣ್ಣಿಲ್ಲದೆ ಓದುವವರೂ ನಮ್ಮ ಜೊತೆ ಬರೆಯುತ್ತಾರೆ. ಅವರ ಫೋನು ಅಕ್ಷರಗಳನ್ನು ಓದಿ ಹೇಳುತ್ತದೆ. ಪಾತ್ರದ ಹೆಸರನ್ನು ಬಳ್ಳಿಯಂಥ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಚಾಳಿ ಇದೆ. ನಿಜಕ್ಕೂ ಅವು ಫಾಂಟಲ್ಲ, ಕಂಪ್ಯೂಟರಿನ ಅಕ್ಷರಗಳ ಜಾಗತಿಕ ಪಟ್ಟಿಯಾದ ಯೂನಿಕೋಡಿಗೆ 2001ರಲ್ಲಿ ಸೇರಿದ ಗಣಿತದ ಚಿಹ್ನೆಗಳು. ಓದಿ ಹೇಳುವ ತಂತ್ರಾಂಶ ಹೆಸರಿನ ಬದಲು ‘ಮ್ಯಾಥಮ್ಯಾಟಿಕಲ್ ಸ್ಕ್ರಿಪ್ಟ್ ಕ್ಯಾಪಿಟಲ್’ ಎಂದು ಒಂದೊಂದೇ ಅಕ್ಷರವನ್ನು ಹೇಳುತ್ತಾ ಹೋಗಬಹುದು, ಇಲ್ಲವೇ ಹೆಸರನ್ನೇ ಬಿಟ್ಟುಬಿಡಬಹುದು. ಈಗ ನಾನು ಹೆಸರನ್ನು ಸಾದಾ ಅಕ್ಷರದಲ್ಲೇ ಬರೆಯುತ್ತೇನೆ. ಪೋಸ್ಟ್ ಕಳಿಸುವ ಮೊದಲು ಒಮ್ಮೆ ಫೋನಿನಲ್ಲಿ ತೆರೆದು ನೋಡುತ್ತೇನೆ, ಇನ್ನೊಮ್ಮೆ ಕಣ್ಣು ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತೇನೆ. ಪತ್ರ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಎರಡು ಸಲವೂ ಗೊತ್ತಾದರೆ ಕಳಿಸುತ್ತೇನೆ.