ಹಿಡಿತ ಸಿಕ್ಕ ಕಡೆ ಹುಟ್ಟುವ ಭರವಸೆ

1960ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮಾಯರ್ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳು ಇಂದು ಓದುವಾಗ ಕ್ರೂರವೆನಿಸುತ್ತವೆ. ಆದರೂ ಭರವಸೆಯ ಬಗ್ಗೆ ವಿಜ್ಞಾನ ಕಂಡುಕೊಂಡ ಬಹುಮುಖ್ಯ ಸಂಗತಿಯೊಂದರ ಮೂಲ ಅಲ್ಲಿದೆ. ಒಂದು ಗುಂಪಿನ ನಾಯಿಗಳು ವಿದ್ಯುತ್ ಆಘಾತ ತಗುಲಿದಾಗ ಪಕ್ಕದ ಹಲಗೆಯನ್ನು ತಲೆಯಿಂದ ಒತ್ತಿ ಅದನ್ನು ನಿಲ್ಲಿಸಬಹುದಿತ್ತು. ಇನ್ನೊಂದು ಗುಂಪಿಗೆ ಅಷ್ಟೇ ಆಘಾತ, ಅಷ್ಟೇ ಹೊತ್ತು. ಆದರೆ ಅವು ಏನು ಮಾಡಿದರೂ ಅದು ನಿಲ್ಲುತ್ತಿರಲಿಲ್ಲ. ಬಳಿಕ ನಡುವೆ ಗಿಡ್ಡ ತಡೆಯಿದ್ದ ಪೆಟ್ಟಿಗೆಯಲ್ಲಿ ಬಿಟ್ಟಾಗ ಮೊದಲ ಗುಂಪಿನವು ತಡೆ ಹಾರಿ ಪಾರಾದವು. ಎರಡನೆಯ ಗುಂಪಿನ ಸುಮಾರು ಮೂರನೇ ಎರಡು ಪಾಲು ನಾಯಿಗಳು ಆಘಾತವನ್ನು ಸಹಿಸುತ್ತ ಅಲ್ಲಿಯೇ ಮಲಗಿಬಿಟ್ಟವು. ನೋವು ಎರಡೂ ಗುಂಪುಗಳಿಗೆ ಸಮನಾಗಿತ್ತು, ಅದರ ಮೇಲಿನ ಹಿಡಿತ ಮಾತ್ರ ಸಮನಾಗಿರಲಿಲ್ಲ.

ಈ ಕಥೆಯಲ್ಲಿ ಸಾಮಾನ್ಯವಾಗಿ ಹೇಳದೆ ಬಿಡುವ ಭಾಗವೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಹಾಗೆ ಸೋತು ಮಲಗಿದ ನಾಯಿಗಳನ್ನು ಮೇಲೆಬ್ಬಿಸಲು ಸಂಶೋಧಕರು ತಡೆಯನ್ನೇ ತೆಗೆದರು, ಆಚೆ ಬದಿಯಲ್ಲಿ ನಿಂತು ಕರೆದರು, ಆಹಾರ ಇಟ್ಟು ಆಸೆ ತೋರಿಸಿದರು. ಅವು ಕದಲಲಿಲ್ಲ. ಕೊನೆಗೆ ಕೊರಳಿಗೆ ಹಗ್ಗ ಕಟ್ಟಿ ಮತ್ತೆ ಮತ್ತೆ ಆಚೆ ಬದಿಗೆ ಎಳೆದೊಯ್ದರು. ಮೊದಮೊದಲು ಬಲವಾಗಿ ಎಳೆಯಬೇಕಾಗಿತ್ತು. ಎಳೆದಂತೆಲ್ಲ ಬೇಕಾದ ಬಲ ಕಡಿಮೆಯಾಗುತ್ತ ಬಂತು, ಕಡೆಗೆ ನಾಯಿಗಳು ತಾವಾಗಿಯೇ ದಾಟತೊಡಗಿದವು. ಆಚೆ ಹೋದರೆ ಆಘಾತ ನಿಲ್ಲುತ್ತದೆ ಎಂಬುದನ್ನು ಅವು ತಮ್ಮ ಮೈಯಿಂದಲೇ ಅರಿಯಬೇಕಾಯಿತು.

ಇದಾಗಿ ಸುಮಾರು ಐವತ್ತು ವರ್ಷಗಳ ನಂತರ, 2016ರಲ್ಲಿ, ಅದೇ ಇಬ್ಬರು ವಿಜ್ಞಾನಿಗಳು ತಮ್ಮ ಸಿದ್ಧಾಂತವನ್ನು ತಾವೇ ತಿರುವಿ ಹಾಕಿದರು. ಅಸಹಾಯಕತೆಯನ್ನು ಪ್ರಾಣಿಗಳು ಕಲಿಯುತ್ತವೆ ಎಂದು ಅವರು ಹಿಂದೆ ಬರೆದಿದ್ದರು. ಆದರೆ ಇಲಿಗಳ ಮಿದುಳಿನ ಅಧ್ಯಯನ ಬೇರೆಯದನ್ನೇ ತೋರಿಸಿತು: ದೀರ್ಘಕಾಲ ಸಂಕಟಕ್ಕೆ ಸಿಕ್ಕಾಗ ಮಿದುಳುಕಾಂಡದಲ್ಲಿರುವ, ಸೆರಟೋನಿನ್ ಎಂಬ ರಾಸಾಯನಿಕವನ್ನು ಹೊರಸೂಸುವ ನರಕೋಶಗಳು ಕೆರಳಿ ಜೀವಿಯನ್ನು ತನ್ನಷ್ಟಕ್ಕೆ ಜಡವಾಗಿಸುತ್ತವೆ, ಕಲಿಯಬೇಕಾಗಿರುವುದು ಹಿಡಿತವನ್ನು. ತನ್ನ ಕ್ರಿಯೆಯಿಂದ ಪರಿಸ್ಥಿತಿ ಬದಲಾಗುತ್ತಿದೆ ಎಂದು ಹಣೆಯ ಹಿಂದಿನ ಮಿದುಳಿನ ಭಾಗವೊಂದು ಗುರುತಿಸಿದಾಗ ಅದು ಆ ನರಕೋಶಗಳನ್ನು ಶಮನಗೊಳಿಸುತ್ತದೆ, ಮತ್ತು ಈ ಕಲಿಕೆ ಮುಂದಿನ ಸಂಕಟಗಳಲ್ಲಿಯೂ ರಕ್ಷಣೆಯಾಗಿ ಉಳಿಯುತ್ತದೆ. ಕೈಚೆಲ್ಲಿ ಕುಳಿತವರನ್ನು ಸೋಮಾರಿಗಳೆಂದು ಜರೆಯುವ ಅಭ್ಯಾಸ ಎಷ್ಟು ಅನ್ಯಾಯದ್ದು ಎಂಬುದು ಇದರಿಂದ ಅರಿವಾಗುತ್ತದೆ.

ಮನುಷ್ಯರ ಭರವಸೆಯನ್ನು ಅಳೆಯುವ ಕೆಲಸಕ್ಕೆ ಖಚಿತ ರೂಪ ಕೊಟ್ಟವರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯದ ಸಿ. ಆರ್. ಸ್ನೈಡರ್ ಪ್ರಮುಖರು. 1991ರಲ್ಲಿ ಅವರು ಮತ್ತು ಅವರ ಸಂಗಡಿಗರು ಪ್ರಕಟಿಸಿದ 12 ಹೇಳಿಕೆಗಳ ಮಾಪಕದಲ್ಲಿ ನಾಲ್ಕು ಹೇಳಿಕೆಗಳು ಗುರಿಯತ್ತ ಸಾಗುವ ದಾರಿಗಳನ್ನು ಹುಡುಕುವ ಶಕ್ತಿಯನ್ನೂ, ನಾಲ್ಕು ಆ ದಾರಿಯಲ್ಲಿ ನಡೆಯಬಲ್ಲೆನೆಂಬ ಸಂಕಲ್ಪವನ್ನೂ ಅಳೆಯುತ್ತವೆ; ಉಳಿದ ನಾಲ್ಕನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಂಕಲ್ಪವಿದ್ದು ದಾರಿ ಕಾಣದಿದ್ದರೆ ಅಥವಾ ದಾರಿ ಕಂಡರೂ ಹೆಜ್ಜೆ ಇಡುವ ಬಲವಿಲ್ಲದಿದ್ದರೆ ಅದು ಸ್ನೈಡರ್ ಅವರ ಅರ್ಥದಲ್ಲಿ ಪೂರ್ಣ ಭರವಸೆಯಲ್ಲ. ಎಲ್ಲವೂ ಒಳ್ಳೆಯದಾಗುತ್ತದೆ ಎಂದು ಕನಸು ಕಾಣುವುದಂತೂ ಅಲ್ಲವೇ ಅಲ್ಲ. ಮನೋವಿಜ್ಞಾನಿ ಗೇಬ್ರಿಯೆಲೆ ಎಟಿಂಗನ್ ಮತ್ತು ಅವರ ಸಹೋದ್ಯೋಗಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳ್ಳೆಯ ಉದ್ಯೋಗದ ಕಲ್ಪನೆಯಲ್ಲಿ ಹೆಚ್ಚು ಮುಳುಗುತ್ತಿದ್ದ ಪದವೀಧರರು ಎರಡು ವರ್ಷಗಳ ನಂತರ ಕಡಿಮೆ ಅರ್ಜಿ ಹಾಕಿದ್ದರು, ಕಡಿಮೆ ಸಂಬಳ ಪಡೆಯುತ್ತಿದ್ದರು.

ಇದನ್ನು ಸಮುದಾಯದ ಬದುಕಿಗೆ ತಂದಾಗ ಪ್ರಶ್ನೆ ಕಠಿಣವಾಗುತ್ತದೆ, ಏಕೆಂದರೆ ಒಬ್ಬನಿಗೆ ಕಾಣುವ ದಾರಿಗಳು ಅವನ ಸುತ್ತಲಿನವರು ನಡೆದಿರುವ ದಾರಿಗಳೇ ಆಗಿರುತ್ತವೆ. ಇಥಿಯೋಪಿಯಾದ ಗ್ರಾಮೀಣ ಪ್ರದೇಶವೊಂದರಲ್ಲಿ 2010ರಲ್ಲಿ ಅರ್ಥಶಾಸ್ತ್ರಜ್ಞರು ಬಡ ಕುಟುಂಬಗಳನ್ನು ಚೀಟಿ ಎತ್ತಿದಂತೆ ಆಯ್ದು, ಒಂದು ಗುಂಪಿಗೆ ಸಾಕ್ಷ್ಯಚಿತ್ರಗಳನ್ನು ತೋರಿಸಿದರು. ತಮ್ಮಂಥದೇ ಹಿನ್ನೆಲೆಯ ಜನ ಬೇಸಾಯದಲ್ಲೋ ಸಣ್ಣ ವ್ಯಾಪಾರದಲ್ಲೋ ಹಂತಹಂತವಾಗಿ ಹೇಗೆ ಮೇಲೆ ಬಂದರು, ಯಾವ ಅಡ್ಡಿಗಳನ್ನು ಹೇಗೆ ದಾಟಿದರು ಎಂಬುದನ್ನು ಆ ಜನರೇ ಅವುಗಳಲ್ಲಿ ಹೇಳಿಕೊಂಡಿದ್ದರು. ಹೋಲಿಕೆಗಾಗಿ ಇನ್ನೊಂದು ಗುಂಪಿಗೆ ಬರೀ ಮನರಂಜನೆಯ ಕಾರ್ಯಕ್ರಮ ತೋರಿಸಲಾಯಿತು. ಆರು ತಿಂಗಳ ನಂತರ ಸಾಕ್ಷ್ಯಚಿತ್ರ ನೋಡಿದ ಕುಟುಂಬಗಳಲ್ಲಿ ಉಳಿತಾಯವೂ ಮಕ್ಕಳ ಶಿಕ್ಷಣಕ್ಕೆ ಮಾಡುವ ವೆಚ್ಚವೂ ಹೆಚ್ಚಿದ್ದವು. ಆ ಚಿತ್ರಗಳಲ್ಲಿ ಉಪದೇಶವಾಗಲಿ ದೂರದ ಯಾವುದೋ ಮಹಾಪುರುಷನ ಸಾಧನೆಯಾಗಲಿ ಇರಲಿಲ್ಲ. ಹೆಜ್ಜೆ ಎಣಿಸಬಹುದಾದಷ್ಟು ಹತ್ತಿರದ ಬದುಕುಗಳಿದ್ದವು.

ಒಟ್ಟಾಗಿ ಕೆಲಸ ಮಾಡಬಲ್ಲೆವೆಂಬ ನೆರೆಹೊರೆಯವರ ನಂಬಿಕೆಗೂ ಇಂಥದೇ ತೂಕವಿದೆ. ಶಿಕಾಗೋ ನಗರದ 343 ವಸತಿ ಪ್ರದೇಶಗಳ 8,782 ನಿವಾಸಿಗಳನ್ನು ಮಾತನಾಡಿಸಿ ಸಮಾಜವಿಜ್ಞಾನಿ ರಾಬರ್ಟ್ ಸ್ಯಾಂಪ್ಸನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜನ ಪರಸ್ಪರ ನಂಬುವ ಮತ್ತು ಅಗತ್ಯ ಬಿದ್ದಾಗ ನೆರೆಯವರು ಮಧ್ಯೆ ಬರುತ್ತಾರೆಂದು ನಿರೀಕ್ಷಿಸುವ ಕಡೆಗಳಲ್ಲಿ ಬಡತನದಂಥ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಹಿಂಸೆ ಕಡಿಮೆಯಿತ್ತು.

ಆದ್ದರಿಂದ ಸಮುದಾಯದ ಸಭೆಗಳನ್ನು ನಡೆಸುವವರ ಹೊಣೆ ದೊಡ್ಡದು. ಜನರ ಅಭಿಪ್ರಾಯ ಕೇಳಿ, ಬರೆದುಕೊಂಡು, ಏನನ್ನೂ ಮಾಡದೆ ಬಿಡುವ ಸಭೆ ವ್ಯರ್ಥವಾಗುವುದಷ್ಟೇ ಅಲ್ಲ; ತಮ್ಮ ಮಾತಿಗೂ ಅದರ ಫಲಕ್ಕೂ ಸಂಬಂಧವಿಲ್ಲ ಎಂಬ ಪಾಠವನ್ನು ಅದು ಪ್ರತಿ ಸಲವೂ ಕಲಿಸುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ. ಅದಕ್ಕಿಂತ ಜನರೇ ಆರಿಸಿಕೊಂಡ, ಕೆಲವೇ ವಾರಗಳಲ್ಲಿ ಮುಗಿಯುವ, ಮುಗಿದದ್ದು ಎಲ್ಲರ ಕಣ್ಣಿಗೂ ಬೀಳುವ ಚಿಕ್ಕ ಕೆಲಸವೊಂದನ್ನು ಕೈಗೆತ್ತಿಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ.

ಹಾಗೆಂದು ಸಂಪನ್ಮೂಲದ ಜಾಗವನ್ನು ಭರವಸೆ ತುಂಬಲಾರದು. ಇಥಿಯೋಪಿಯಾ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ ಮತ್ತು ಪೆರುವಿನ ಕಡುಬಡವರ ನಡುವೆ ನಡೆದು 2015ರಲ್ಲಿ ಫಲಿತಾಂಶ ಪ್ರಕಟವಾದ ಪ್ರಯೋಗದಲ್ಲಿ ಕುಟುಂಬಗಳಿಗೆ ಜಾನುವಾರಿನಂಥ ಆಸ್ತಿ, ಕೆಲವು ಕಾಲದ ಜೀವನವೆಚ್ಚ, ತರಬೇತಿ, ಉಳಿತಾಯದ ವ್ಯವಸ್ಥೆ ಇವೆಲ್ಲವನ್ನೂ ಕೊಟ್ಟು, ಜೊತೆಗೆ ಆಗಾಗ ಮನೆಗೆ ಹೋಗಿ ಕಷ್ಟಸುಖ ವಿಚಾರಿಸಿ ಮಾರ್ಗದರ್ಶನ ನೀಡುವ ಏರ್ಪಾಡನ್ನೂ ಮಾಡಲಾಗಿತ್ತು. ನೆರವು ನಿಂತು ಒಂದು ವರ್ಷ ಕಳೆದ ಮೇಲೂ, ಒಟ್ಟಾರೆ ನೋಡಿದಾಗ, ಆ ಮನೆಗಳ ಊಟ, ಆದಾಯ ಮತ್ತು ಮನಸ್ಸಿನ ಆರೋಗ್ಯ ನೆರವು ಸಿಗದ ಮನೆಗಳಿಗಿಂತ ಉತ್ತಮವಾಗಿದ್ದವು.