ಎದೆಯಲ್ಲಿ ಮತ್ತೆ ಮತ್ತೆ ನೀರು ತುಂಬಿದರೆ ಹಳೇ ಕೆಲಸದ ಬಗ್ಗೆ ಹೇಳಿ

ಎದೆಯಲ್ಲಿ ನೀರು ತುಂಬಿದೆ ಅಂದರೆ ನಮ್ಮಲ್ಲಿ ಮೊದಲ ಅನುಮಾನ ಟಿಬಿ ಮೇಲೆ. ಅದು ತಪ್ಪೇನಲ್ಲ, ನಮ್ಮ ದೇಶದಲ್ಲಿ ಟಿಬಿ ಅಷ್ಟು ಜಾಸ್ತಿ. ನೀರು ತೆಗೆದು, ಪರೀಕ್ಷೆಗೆ ಕಳಿಸಿ, ಟಿಬಿ ಮಾತ್ರೆ ಶುರು ಮಾಡುತ್ತೇವೆ. ಹೆಚ್ಚಿನವರು ಆರು ತಿಂಗಳಲ್ಲಿ ಗುಣವಾಗುತ್ತಾರೆ. ನಾನು ಬರೆಯುತ್ತಿರುವುದು ಗುಣವಾಗದ ಕೆಲವರ ಬಗ್ಗೆ. ಮಾತ್ರೆ ನುಂಗಿ ಎರಡು ತಿಂಗಳಾದರೂ ಅವರಿಗೆ ನೀರು ಮತ್ತೆ ತುಂಬುತ್ತದೆ, ತೂಕ ಇಳಿಯುತ್ತಲೇ ಹೋಗುತ್ತದೆ. ಅದೇ ಪಕ್ಕೆಯಲ್ಲಿ ಒಂದು ಮಂದ ನೋವು ಬಂದು ಕೂತುಬಿಡುತ್ತದೆ. ಇಂಥವರಲ್ಲಿ ಕೆಲವರಿಗೆ ಇರುವುದು ಮೆಸೊಥೆಲಿಯೋಮ, ಅಂದರೆ ಶ್ವಾಸಕೋಶವನ್ನು ಸುತ್ತಿಕೊಂಡಿರುವ ತೆಳು ಪೊರೆಯ ಕ್ಯಾನ್ಸರ್. ಅದಕ್ಕೆ ಮುಖ್ಯ ಕಾರಣ ಆಸ್ಬೆಸ್ಟಾಸ್ ಧೂಳು.

ಟಿಬಿ ಜೊತೆಗಿನ ಈ ಗೊಂದಲ ಹೊಸದಲ್ಲ. ದಕ್ಷಿಣ ಆಫ್ರಿಕಾದ ಕಿಂಬರ್ಲಿಯಲ್ಲಿ ಒಂದು ಟಿಬಿ ಆಸ್ಪತ್ರೆ ಇತ್ತು. ಅಲ್ಲಿನ ಮುಖ್ಯ ವೈದ್ಯ ಸ್ಲೆಗ್ಸ್ 1950ರ ದಶಕದಲ್ಲಿ ಒಂದು ವಿಷಯ ಗಮನಿಸಿದರು. ಪೊರೆಯ ಟಿಬಿ ಅಂತ ಸೇರಿಕೊಂಡವರಲ್ಲಿ ಕೆಲವರಿಗೆ ಔಷಧ ಹಿಡಿಯುತ್ತಲೇ ಇರಲಿಲ್ಲ. ಅವರೆಲ್ಲ ಬರುತ್ತಿದ್ದದ್ದು ಊರಿನ ಪಶ್ಚಿಮಕ್ಕಿರುವ ನೀಲಿ ಆಸ್ಬೆಸ್ಟಾಸ್ ಗಣಿಗಳ ಕಡೆಯಿಂದ. ರೋಗಶಾಸ್ತ್ರಜ್ಞ ವ್ಯಾಗ್ನರ್ ಜೊತೆ ಸೇರಿ 1960ರಲ್ಲಿ ಅವರು 33 ರೋಗಿಗಳ ವಿವರ ಪ್ರಕಟಿಸಿದರು. ಆಸ್ಬೆಸ್ಟಾಸ್‌ಗೂ ಈ ಕ್ಯಾನ್ಸರ್‌ಗೂ ಇರುವ ನಂಟು ಜಗತ್ತಿಗೆ ಗಟ್ಟಿಯಾಗಿ ಗೊತ್ತಾಗಿದ್ದು ಆಗಲೇ. ಆ ಪಟ್ಟಿಯಲ್ಲಿ ಗಣಿ ಕೆಲಸಗಾರರಷ್ಟೇ ಅಲ್ಲ, ಚಿಕ್ಕಂದಿನಲ್ಲಿ ಗಣಿ ಪಕ್ಕದಲ್ಲಿ ಆಡಿ ಬೆಳೆದವರೂ ಇದ್ದರು.

ಇಷ್ಟು ವರ್ಷವಾದರೂ ನಾವು ಎಡವುವುದು ಒಂದೇ ಪ್ರಶ್ನೆಯಲ್ಲಿ. ‘ಏನು ಕೆಲಸ ಮಾಡ್ತೀರಿ ಯಜಮಾನ್ರೇ?’ ಅಂತ ಕೇಳುತ್ತೇವೆ. ‘ಈಗೇನಿಲ್ಲ ಡಾಕ್ಟ್ರೇ, ರಿಟೈರ್ ಆಗಿದೀನಿ’ ಅನ್ನುತ್ತಾರೆ. ಕೇಸ್ ಶೀಟಿನಲ್ಲಿ ‘ನಿವೃತ್ತ’ ಅಂತ ಬರೆದರೆ ಮುಗಿಯಿತು. ಕೇಳಬೇಕಾದ್ದು ಇಪ್ಪತ್ತು, ಮೂವತ್ತರ ವಯಸ್ಸಿನಲ್ಲಿ ಏನು ಮಾಡುತ್ತಿದ್ದಿರಿ ಅಂತ. ಯಾಕೆಂದರೆ ಧೂಳು ಒಳಗೆ ಹೋದ ಮೇಲೆ ಕಾಯಿಲೆ ತಲೆ ಎತ್ತಲು ಸಾಮಾನ್ಯವಾಗಿ 20ರಿಂದ 50 ವರ್ಷ ಬೇಕು.

ಒಬ್ಬ ಹಿರಿಯರು ನನ್ನ ಹತ್ತಿರ ‘ಧೂಳಿನ ಕೆಲಸ ಮಾಡೇ ಇಲ್ಲ’ ಅಂತ ಖಡಾಖಂಡಿತವಾಗಿ ಹೇಳಿದರು. ಪಕ್ಕದಲ್ಲಿದ್ದ ಹೆಂಡತಿ ಸುಮ್ಮನಿರಲಿಲ್ಲ. ‘ಬಾಯ್ಲರ್ ಪೈಪಿಗೆ ಬಿಳೀ ಹಗ್ಗ ಸುತ್ತುತಿದ್ರಲ್ಲ ಇವ್ರು? ಸಂಜೆ ಶರಟು ಒದರಿದ್ರೆ ಮೂಗೆಲ್ಲ ಕಡಿಯೋದು!’ ಅಂದರು. ಆ ಬಿಳಿ ಹಗ್ಗ ಆಸ್ಬೆಸ್ಟಾಸ್. ಶರಟು ಒದರಿ ಒಗೆದ ಆ ತಾಯಿಯನ್ನೂ ಪರೀಕ್ಷಿಸಿದೆ. ಗಂಡನ ಕೆಲಸದ ಬಟ್ಟೆ ಒಗೆದೇ ಈ ಕಾಯಿಲೆ ಬಂದ ಹೆಂಗಸರ ವಿವರ ವೈದ್ಯಕೀಯ ದಾಖಲೆಗಳಲ್ಲಿ ಬೇಕಾದಷ್ಟಿದೆ.

ಶೀಟ್ ಮತ್ತು ಪೈಪ್ ಕಾರ್ಖಾನೆ, ಬಾಯ್ಲರ್ ಹಾಗೂ ಸ್ಟೀಮ್ ಪೈಪಿನ ಕೆಲಸ, ಬ್ರೇಕ್ ಲೈನರ್ ಉಜ್ಜುವ ಗ್ಯಾರೇಜು, ಗ್ಯಾಸ್ಕೆಟ್ ಕತ್ತರಿಸುವ ವರ್ಕ್‌ಶಾಪು, ಹಡಗು ಒಡೆಯುವ ಯಾರ್ಡು, ಹಳೇ ಕಟ್ಟಡ ಕೆಡವುವ ಕೆಲಸ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಮಂಗಳೂರು, ಉಡುಪಿ ಕಡೆಯಿಂದ ಹಡಗಿಗೆ ಹೋದವರು ವಿಶೇಷವಾಗಿ ನೆನಪಿಡಬೇಕು. ಹಡಗುಗಳಲ್ಲಿ ಹೊಸದಾಗಿ ಆಸ್ಬೆಸ್ಟಾಸ್ ಹಾಕುವುದಕ್ಕೆ ಅಂತರರಾಷ್ಟ್ರೀಯ ನಿಯಮ ತಡೆ ಹಾಕಿದ್ದು 2002ರಲ್ಲಿ, ಪೂರ್ತಿ ನಿಷೇಧಿಸಿದ್ದು 2011ರಲ್ಲಿ. ಅದಕ್ಕೂ ಮುಂಚಿನ ಹಡಗುಗಳ ಎಂಜಿನ್ ರೂಮಿನಲ್ಲಿ ಬಿಸಿ ಪೈಪುಗಳಿಗೆ ಸುತ್ತುತ್ತಿದ್ದದ್ದು ಹೆಚ್ಚಾಗಿ ಇದನ್ನೇ.

ಬೀಡಿ ಸಿಗರೇಟಿಗೂ ಮೆಸೊಥೆಲಿಯೋಮಕ್ಕೂ ಸಂಬಂಧವಿಲ್ಲ. ಹಾಗಂತ ಸೇದುತ್ತಾ ಇರಿ ಅಂತಲ್ಲ. ಆಸ್ಬೆಸ್ಟಾಸ್ ಜೊತೆ ಸಿಗರೇಟು ಸೇರಿದರೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹಲವು ಪಟ್ಟು ಏರುತ್ತದೆ. ಅದು ಬೇರೆ ಕಾಯಿಲೆ.

ಲಕ್ಷಣಗಳಲ್ಲಿ ಮೊದಲು ಕಾಣುವುದು ಏದುಸಿರು. ಮೆಟ್ಟಿಲು ಹತ್ತಿದರೆ ದಮ್ಮು ಕಟ್ಟುತ್ತದೆ, ಒಂದು ಮಗ್ಗುಲಿಗೆ ಮಲಗಲು ಆಗುವುದಿಲ್ಲ. ನೀರು ಸಾಮಾನ್ಯವಾಗಿ ಒಂದೇ ಕಡೆ ತುಂಬುತ್ತದೆ. ಆಮೇಲೆ ನೋವು. ಇದು ಉಸಿರೆಳೆದಾಗ ಚುಚ್ಚುವ ನೋವಲ್ಲ, ಹಗಲೂ ರಾತ್ರಿ ಕೊರೆಯುವ ಮಂದ ನೋವು. ಕೆಲವೊಮ್ಮೆ ಭುಜದವರೆಗೂ ಹೋಗುತ್ತದೆ. ಒಣ ಕೆಮ್ಮು, ಸುಸ್ತು, ರಾತ್ರಿ ಬೆವರು, ಊಟ ಸೇರದಿರುವುದು, ಇವೆಲ್ಲ ಟಿಬಿಯಲ್ಲೂ ಇರುತ್ತವೆ, ಅದಕ್ಕೇ ಗೊಂದಲ. ಅಪರೂಪಕ್ಕೆ ಇದೇ ಕ್ಯಾನ್ಸರ್ ಹೊಟ್ಟೆಯ ಪೊರೆಗೂ ಬರುತ್ತದೆ. ಆಗ ಹೊಟ್ಟೆ ಉಬ್ಬಿ ನೀರು ತುಂಬುತ್ತದೆ.

ಟಿಬಿ ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ, ಅದು ನಿಜವಾಗಿ ಟಿಬಿಯೇ ಆಗಿದ್ದರೂ, ನೀರು ಸ್ವಲ್ಪ ಹೆಚ್ಚಾಗುವುದುಂಟು. ಹಾಗಾಗಿ ನೀವೇ ಮಾತ್ರೆ ನಿಲ್ಲಿಸಬೇಡಿ. ಆದರೆ ನೀರಿನಲ್ಲಿ ರಕ್ತ ಬೆರೆತಿದ್ದರೆ, ತೆಗೆದ ಮೇಲೂ ಬೇಗ ತುಂಬುತ್ತಿದ್ದರೆ, ಹಳೇ ಕೆಲಸದ ನೆನಪಿದ್ದರೆ, ‘ಬಯಾಪ್ಸಿ ಮಾಡಿಸೋಣವಾ ಡಾಕ್ಟ್ರೇ?’ ಅಂತ ನೀವೇ ಬಾಯಿಬಿಟ್ಟು ಕೇಳಿ. ನೀರಿನ ಪರೀಕ್ಷೆಯೊಂದನ್ನೇ ನಂಬಿ ಕೂರುವ ಹಾಗಿಲ್ಲ. ಅದರಲ್ಲಿ ಮೆಸೊಥೆಲಿಯೋಮ ಸಿಕ್ಕಿಬೀಳುವುದು ಅರ್ಧಕ್ಕಿಂತ ಕಡಿಮೆ ಜನರಲ್ಲಿ. ಟಿಬಿಗೆ ಗುರುತು ಅಂತ ನಾವು ಆ ನೀರಿನಲ್ಲಿ ಅಳೆಯುವ ಎಡಿಎ ಅನ್ನುವ ಕಿಣ್ವ ಕೂಡ ಕೆಲವೊಮ್ಮೆ ಈ ಕಾಯಿಲೆಯಲ್ಲಿ ಏರಿ ದಾರಿ ತಪ್ಪಿಸುತ್ತದೆ.

ಸಿಟಿ ಸ್ಕ್ಯಾನಿನಲ್ಲಿ ಪೊರೆ ಗಂಟುಗಂಟಾಗಿ ದಪ್ಪಗಾಗಿ, ಕಿತ್ತಳೆ ಸಿಪ್ಪೆಯ ಹಾಗೆ ಶ್ವಾಸಕೋಶವನ್ನು ಸುತ್ತಿದ್ದು ಕಂಡರೆ ಅನುಮಾನ ಬಲವಾಗುತ್ತದೆ. ಖಚಿತವಾಗುವುದು ಥೊರಾಕೊಸ್ಕೋಪಿಯಿಂದ. ಪಕ್ಕೆಲುಬುಗಳ ನಡುವೆ ಸಣ್ಣ ತೂತು ಮಾಡಿ, ಕ್ಯಾಮೆರಾ ಇರುವ ಕೊಳವೆ ತೂರಿಸಿ, ಪೊರೆಯನ್ನು ಕಣ್ಣಾರೆ ನೋಡಿ ಚೂರು ತೆಗೆಯುತ್ತೇವೆ. ಎಷ್ಟೋ ಸಲ ಆ ಜಾಗ ಮರಗಟ್ಟಿಸಿದರೆ ಸಾಕು, ಪೂರ್ತಿ ಅರಿವಳಿಕೆ ಬೇಕಾಗುವುದಿಲ್ಲ. ಅದೇ ಹೊತ್ತಿನಲ್ಲಿ ನೀರನ್ನೂ ಖಾಲಿ ಮಾಡಬಹುದು.

‘ಚುಚ್ಚಿದರೆ ಕಾಯಿಲೆ ಹರಡುತ್ತಂತೆ’ ಅನ್ನುವ ಭಯ ಮನೆಮನೆಯಲ್ಲಿದೆ. ಬೇರೆ ಕ್ಯಾನ್ಸರ್‌ಗಳಲ್ಲಿ ಈ ಮಾತನ್ನು ನಾವು ನಕ್ಕು ತಳ್ಳಿಹಾಕುತ್ತೇವೆ. ಇದರಲ್ಲಿ ಮಾತ್ರ ಸ್ವಲ್ಪ ನಿಜ ಇದೆ. ತೂತು ಮಾಡಿದ ಜಾಗದಲ್ಲಿ ಕೆಲವರಿಗೆ ಚಿಕ್ಕ ಗಂಟು ಏಳುತ್ತದೆ. ನೋವಿದ್ದರೆ ರೇಡಿಯೇಷನ್ ಕೊಟ್ಟು ಅದನ್ನು ತಗ್ಗಿಸಬಹುದು. ಆ ಭಯಕ್ಕೆ ಬಯಾಪ್ಸಿಯನ್ನೇ ಬಿಟ್ಟರೆ ಯಾವ ಚಿಕಿತ್ಸೆ ಅಂತಲೇ ತೀರ್ಮಾನಿಸಲಾಗದು, ಪರಿಹಾರ ಕೇಳಲು ಕಾಗದವೂ ಇರುವುದಿಲ್ಲ.

ವರದಿ ಬಂದಾಗ ಎಪಿಥೀಲಿಯಾಯ್ಡ್, ಸಾರ್ಕೋಮಟಾಯ್ಡ್, ಬೈಫೇಸಿಕ್, ಈ ಕ್ಯಾನ್ಸರಿನ ಮೂರು ಬಗೆಗಳಲ್ಲಿ ಯಾವುದು ಅಂತ ನೋಡಿ. ಮೊದಲನೆಯದು ತುಸು ನಿಧಾನದ್ದು, ಚಿಕಿತ್ಸೆಗೂ ಬಗ್ಗುತ್ತದೆ. ಇನ್ನೊಂದು ಮಾತು. ಸ್ಕ್ಯಾನ್ ವರದಿಯಲ್ಲಿ ‘ಪ್ಲೂರಲ್ ಪ್ಲಾಕ್’, ಅಂದರೆ ಪೊರೆ ಅಲ್ಲಲ್ಲಿ ದಪ್ಪಗಾಗಿ ಗಟ್ಟಿಯಾಗಿದೆ, ಅಂತಷ್ಟೇ ಬರೆದಿದ್ದರೆ ಗಾಬರಿ ಬೇಡ. ಅದು ಆಸ್ಬೆಸ್ಟಾಸ್ ಒಳಹೊಕ್ಕಿತ್ತು ಅನ್ನುವುದರ ಗುರುತು. ಅದು ಕ್ಯಾನ್ಸರ್ ಅಲ್ಲ, ಅದೇ ಕ್ಯಾನ್ಸರ್ ಆಗುವುದೂ ಇಲ್ಲ.

ಚಿಕಿತ್ಸೆಯ ವಿಷಯದಲ್ಲಿ ನಾನು ರೋಗಿಗೆ ಸುಳ್ಳು ಹೇಳುವುದಿಲ್ಲ. ಇದನ್ನು ಪೂರ್ತಿ ವಾಸಿ ಮಾಡುವುದು ತೀರಾ ಅಪರೂಪ. ಬದುಕನ್ನು ತಿಂಗಳುಗಳಷ್ಟು, ಕೆಲವರಿಗೆ ವರ್ಷಗಳಷ್ಟು ಚಾಚಬಹುದು. ಪೆಮೆಟ್ರೆಕ್ಸೆಡ್ ಮತ್ತು ಸಿಸ್‌ಪ್ಲಾಟಿನ್ ಅನ್ನುವ ಕೀಮೋ ಔಷಧಗಳ ಜೋಡಿ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಾಗಿನಿಂದ ಬಳಕೆಯಲ್ಲಿದೆ. ಇದರ ಜೊತೆ ಫೋಲಿಕ್ ಆಸಿಡ್ ಮಾತ್ರೆ, ಬಿ12 ಇಂಜೆಕ್ಷನ್ ತಪ್ಪಿಸಬಾರದು, ತಪ್ಪಿಸಿದರೆ ಔಷಧದ ಕಾಟ ಜಾಸ್ತಿ. ನಿವೊಲುಮ್ಯಾಬ್, ಇಪಿಲಿಮುಮ್ಯಾಬ್ ಅನ್ನುವ ಇಮ್ಯುನೊಥೆರಪಿ ಜೋಡಿಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ದೊಡ್ಡ ಅಧ್ಯಯನದಲ್ಲಿ ಅದನ್ನು ಪಡೆದವರಲ್ಲಿ ಅರ್ಧದಷ್ಟು ಜನ 18 ತಿಂಗಳು ದಾಟಿ ಬದುಕಿದರು, ಕೀಮೋ ಪಡೆದವರಲ್ಲಿ ಅರ್ಧದಷ್ಟು ಜನ 14 ತಿಂಗಳು ದಾಟಿದರು. ಸಾರ್ಕೋಮಟಾಯ್ಡ್ ಇದ್ದವರಿಗೆ ಲಾಭ ಜಾಸ್ತಿ. ಆದರೆ ಖರ್ಚು ಲಕ್ಷಗಳಲ್ಲಿ. ಜಮೀನು ಮಾರುವ ಮುಂಚೆ ಯಾವ ಬಗೆ, ಎಷ್ಟು ಲಾಭ ಅಂತ ಕ್ಯಾನ್ಸರ್ ತಜ್ಞರ ಎದುರು ಕೂತು ಬಿಡಿಸಿ ಕೇಳಿ.

ದೊಡ್ಡ ಆಪರೇಷನ್ ಬಗ್ಗೆ ನನಗೆ ಉತ್ಸಾಹ ಕಡಿಮೆ. ಬ್ರಿಟನ್‌ನಲ್ಲಿ ನಡೆದು 2024ರಲ್ಲಿ ಪ್ರಕಟವಾದ ಮಾರ್ಸ್ 2 ಅಧ್ಯಯನದಲ್ಲಿ, ಕೀಮೋ ಜೊತೆ ಪೊರೆ ಕಿತ್ತು ತೆಗೆಯುವ ಆಪರೇಷನ್ ಮಾಡಿಸಿಕೊಂಡವರ ಗತಿ ಬರೀ ಕೀಮೋ ಪಡೆದವರಿಗಿಂತ ಕೆಟ್ಟದ್ದಾಗಿತ್ತು. ಹೊಟ್ಟೆಯ ಮೆಸೊಥೆಲಿಯೋಮದ ಕಥೆ ಬೇರೆ, ಅಲ್ಲಿ ಆಯ್ದ ಕೆಲವರಿಗೆ ಆಪರೇಷನ್ ಜೊತೆ ಬಿಸಿ ಕೀಮೋ ಒಳ್ಳೆಯ ಫಲ ಕೊಡುತ್ತದೆ.

ಇವೆಲ್ಲಕ್ಕಿಂತ ಬೇಗ ನೆಮ್ಮದಿ ಕೊಡುವುದು ನೀರಿಗೆ ಒಂದು ದಾರಿ ಮಾಡುವುದು. ಟಾಲ್ಕ್ ಪುಡಿ ಹಾಕಿ ಪೊರೆಗಳನ್ನು ಅಂಟಿಸಬಹುದು. ಇಲ್ಲವೇ ತೆಳು ಕೊಳವೆ ಇಟ್ಟು ಕಳಿಸಿದರೆ ಮನೆಯಲ್ಲೇ ನೀರು ತೆಗೆಯಬಹುದು. ನೋವಿಗೆ ಮಾರ್ಫಿನ್ ಅಂದಕೂಡಲೇ ಮಕ್ಕಳು ಹೆದರುತ್ತಾರೆ. ಅಪ್ಪ ನಿದ್ದೆ ಮಾಡಿ ತಿಂಗಳಾಗಿರುತ್ತದೆ, ಇವರಿಗೆ ಚಟ ಹತ್ತೀತು ಅನ್ನುವ ಚಿಂತೆ! ವೈದ್ಯರು ಹೇಳಿದ ಅಳತೆಯಲ್ಲಿ ಕೊಡಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ನೋವು ಶಮನದ ವಿಭಾಗ ಇದೆ. ಅದೇ ಊರಿನ ಕರುಣಾಶ್ರಯ ಅನ್ನುವ ಆರೈಕೆ ಕೇಂದ್ರದಲ್ಲಿ ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನು ದುಡ್ಡಿಲ್ಲದೆ ನೋಡಿಕೊಳ್ಳುತ್ತಾರೆ.

‘ನಮ್ದು ಶೀಟ್ ಮನೆ, ನಮಗೂ ಬರುತ್ತಾ?’ ಅಂತ ಕೇಳುವವರು ಬಹಳ. ಗಟ್ಟಿಯಾಗಿರುವ ಸಿಮೆಂಟ್ ಶೀಟಿನ ಕೆಳಗೆ ಮಲಗಿದರೆ ಅಪಾಯ ತೀರಾ ಕಡಿಮೆ, ಎಳೆಗಳು ಸಿಮೆಂಟಿನಲ್ಲಿ ಹಿಡಿದುಕೊಂಡಿರುತ್ತವೆ. ಅಪಾಯ ಇರುವುದು ಗ್ರೈಂಡರಿನಲ್ಲಿ ಕತ್ತರಿಸುವಾಗ, ಡ್ರಿಲ್ ಮಾಡುವಾಗ, ಒಡೆಯುವಾಗ, ಪಾಚಿ ಹೋಗಲಿ ಅಂತ ಒಣಗಿದ ಶೀಟನ್ನು ಉಜ್ಜುವಾಗ. ತೆಗೆಸಲೇಬೇಕಿದ್ದರೆ ನೀರು ಹಾಕಿ ನೆನೆಸಿ, ಒಡೆಯದೆ ಇಡಿಯಾಗಿ ಇಳಿಸಲಿ.

ಪರಿಹಾರದ ಹಕ್ಕೂ ಇದೆ. ಸುಪ್ರೀಂ ಕೋರ್ಟ್ 1995ರ ಜನವರಿಯಲ್ಲಿ ಆಸ್ಬೆಸ್ಟಾಸ್ ಕಾರ್ಖಾನೆಗಳಿಗೆ ಒಂದು ಆದೇಶ ಕೊಟ್ಟಿದೆ. ಪ್ರತಿ ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಆಮೇಲೆ ಮುಗಿಯುತ್ತದೋ ಅಲ್ಲಿಯವರೆಗೆ ಇಟ್ಟಿರಬೇಕು. ಹಾಗಾಗಿ ಹಳೇ ಕಂಪನಿಗೆ ಅರ್ಜಿ ಕೊಟ್ಟು ಕೇಳಿ. ಇಎಸ್‌ಐ ಇದ್ದವರು ಅದರ ಕಚೇರಿಯಲ್ಲಿ, ಇಲ್ಲದವರು ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ. ಹಡಗಿನಲ್ಲಿದ್ದವರ ಸಿಡಿಸಿ, ಅಂದರೆ ಹಡಗಿನ ಕೆಲಸ ದಾಖಲಿಸುವ ಪುಸ್ತಕದಲ್ಲಿ ಯಾವ ಹಡಗು, ಹತ್ತಿದ್ದು ಯಾವಾಗ, ಇಳಿದದ್ದು ಯಾವಾಗ ಎಲ್ಲ ಇರುತ್ತದೆ, ಅದನ್ನು ರದ್ದಿಗೆ ಹಾಕಬೇಡಿ. ಬ್ರಿಟನ್, ಅಮೆರಿಕದಲ್ಲಿ ದುಡಿದವರಿಗೆ ಅಲ್ಲಿಯೇ ಬೇರೆ ನಿಧಿಗಳಿವೆ. ಅವುಗಳಿಗೆ ಗಡುವು ಇದೆ, ಕಾಯಿಲೆ ಖಚಿತವಾದ ದಿನದಿಂದಲೇ ಎಣಿಕೆ ಶುರುವಾಗುವುದು ಸಾಮಾನ್ಯ.

ಬಯಾಪ್ಸಿಯ ಸ್ಲೈಡು, ಮೇಣದ ಬ್ಲಾಕು ಎಲ್ಲಿವೆ ಅಂತ ತಿಳಿದುಕೊಂಡಿರಿ, ಎರಡನೇ ಅಭಿಪ್ರಾಯಕ್ಕೂ ಅವು ಬೇಕು. ಕೀಮೋ ಶುರುವಾಗುವ ಮುಂಚೆಯೇ ಒಂದು ನೋಟ್‌ಬುಕ್ ಹಿಡಿದು ಅಪ್ಪನ ಪಕ್ಕ ಕೂತು ಬರೆದುಕೊಳ್ಳಿ: ಯಾವ ಶೆಡ್ಡು, ಯಾವ ಇಸವಿ, ಯಾವ ಮೆಷಿನ್, ಮುಖಕ್ಕೆ ಏನು ಕಟ್ಟಿಕೊಳ್ಳುತ್ತಿದ್ದರು, ಜೊತೆಗೆ ಯಾರಿದ್ದರು. ಆ ಜೊತೆಯವರಿಗೂ ಫೋನ್ ಮಾಡಿ, ಅವರೂ ಒಂದು ಎಕ್ಸ್‌ರೇ ಮಾಡಿಸಿಕೊಳ್ಳಲಿ.